ಎರಡು ಫೋಟೋ ಒಂದೇನಾ? ಕಂಪ್ಯೂಟರನ್ನೇ ಕೇಳೋಣ

ಮಕ್ಕಳ ಪತ್ರಿಕೆಗಳಲ್ಲಿ ‘ಎರಡು ಚಿತ್ರಗಳಲ್ಲಿರುವ ಆರು ವ್ಯತ್ಯಾಸ ಗುರುತಿಸಿ’ ಅಂತ ಬರುತ್ತಲ್ಲ, ನೀವೆಲ್ಲ ಮಾಡಿರುತ್ತೀರಿ. ಅದೇ ಕೆಲಸವನ್ನು ಕಂಪ್ಯೂಟರ್ ಹೇಗೆ ಮಾಡುತ್ತದೆ ಎಂದು ಈಗ ತಿಳಿಯೋಣ.

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಜಾಗ ತುಂಬಿದೆ. ಒಂದೇ ಫೋಟೋ ಎರಡೆರಡು ಸಲ ಸೇರಿಕೊಂಡಿದೆ. ಒಂದನ್ನು ಅಳಿಸಬೇಕು. ಆದರೆ ಹೋದ ವರ್ಷ ತೀರಿಕೊಂಡ ನಮ್ಮ ಬಿಸಿಯೂಟದ ಅಜ್ಜಿಯ ಫೋಟೋಗಳೂ ಅದರಲ್ಲೇ ಇವೆ. ಅವರ ಮನೆಯಲ್ಲಿ ಬೇರೆ ಫೋಟೋ ಇಲ್ಲ. ಅದಕ್ಕೇ ‘ಒಂದೇ ತರ ಕಾಣ್ತವೆ’ ಅಂತ ಅಳಿಸೋ ಹಾಗಿಲ್ಲ. ಖಾತ್ರಿ ಬೇಕು.

ಫೋಟೋ ಎಂದರೆ ಕಂಪ್ಯೂಟರಿಗೆ ಬರೀ ಅಂಕಿಗಳು. ಫೋಟೋದಲ್ಲಿರುವ ಚಿಕ್ಕ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ ಇದ್ದರೆ ಒಟ್ಟು 1,20,00,000 ಚುಕ್ಕಿಗಳು! ಸಾಮಾನ್ಯವಾಗಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಒಂದೊಂದು ಅಂಕಿ ಇರುತ್ತದೆ. ಅದು 0 ಯಿಂದ 255 ರ ಒಳಗೆ.

ಲಿನಕ್ಸ್ ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಿಟಕಿ ಇದೆ. ಅಲ್ಲಿ ಮೌಸ್ ಬೇಡ, ಇಂಗ್ಲಿಷ್ ಅಕ್ಷರದಲ್ಲಿ ಆಜ್ಞೆ ಟೈಪ್ ಮಾಡಬೇಕು. ನಮ್ಮ ಸರ್ ಎರಡು ವಿಧಾನ ತೋರಿಸಿಕೊಟ್ಟರು.

1) ಸಿಎಂಪಿ: ಈ ಮೂರಕ್ಷರ ಬರೆದು ಮುಂದೆ ಎರಡು ಫೈಲಿನ ಹೆಸರು ಬರೆಯಬೇಕು. ಎರಡೂ ಒಂದೇ ಆಗಿದ್ದರೆ ಕಂಪ್ಯೂಟರ್ ಏನೂ ಹೇಳುವುದಿಲ್ಲ. ಮೌನವೇ ಉತ್ತರ! ಬೇರೆಯಾಗಿದ್ದರೆ ಮೊದಲು ಎಲ್ಲಿ ಬೇರೆ ಆಯ್ತು ಅಂತ ತೋರಿಸುತ್ತದೆ. ಆದರೆ ಫೈಲಿನೊಳಗೆ ಬರೆದಿರುವ ತಾರೀಖು ಬದಲಾದರೂ ‘ಬೇರೆ’ ಎನ್ನುತ್ತದೆ. ಪತ್ರ ಒಂದೇ, ಲಕೋಟೆ ಮೇಲಿನ ಮುದ್ರೆ ಬೇರೆ ಇದ್ದ ಹಾಗೆ.

2) ಕಂಪೇರ್: ಇದು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ ಆಜ್ಞೆ. ಇದು ಲಕೋಟೆ ಬಿಟ್ಟು ಪತ್ರವನ್ನೇ ಓದುತ್ತದೆ, ಅಂದರೆ ಚುಕ್ಕಿಗೆ ಚುಕ್ಕಿ ಹೋಲಿಸುತ್ತದೆ. ‘ಮೆಟ್ರಿಕ್ ಎಇ’ ಎಂದು ಸೇರಿಸಿದರೆ ಎಷ್ಟು ಚುಕ್ಕಿ ಬೇರೆ ಎಂದು ಎಣಿಸಿ ಹೇಳುತ್ತದೆ. 0 ಬಂದರೆ ಚಿತ್ರ ಒಂದೇ. ಮೂರನೆಯ ಫೈಲಿನ ಹೆಸರು ಕೊಟ್ಟರೆ ವ್ಯತ್ಯಾಸ ಇರುವ ಜಾಗಕ್ಕೆ ಕೆಂಪು ಬಳಿದು ಹೊಸ ಚಿತ್ರ ಮಾಡಿಕೊಡುತ್ತದೆ. ಜೆಪೆಗ್ ಫೋಟೋವನ್ನು ತಿದ್ದಿ ಮತ್ತೆ ಸೇವ್ ಮಾಡಿದರೆ ಬಣ್ಣದ ಅಂಕಿಗಳು ಅಲ್ಪಸ್ವಲ್ಪ ಬದಲಾಗುತ್ತವೆ. ಆಗ ‘ಫಜ್ 5%’ ಎಂದು ಸೇರಿಸಿದರೆ ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಅಜ್ಜಿಯ ಎರಡು ಫೋಟೋ ಹಾಕಿದಾಗ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕೆಂಪಾಯ್ತು. ಯಾಕೆಂದರೆ ಅವು ನಕಲಲ್ಲ, ಎರಡು ಸಲ ತೆಗೆದ ಫೋಟೋಗಳು. ಕೈ ಒಂದಿಷ್ಟು ಅಲ್ಲಾಡಿದರೂ ಎಲ್ಲಾ ಚುಕ್ಕಿ ಜರುಗುತ್ತವೆ. ದೊಡ್ಡದು ಮಾಡಿ ನೋಡಿದೆವು. ಒಂದರಲ್ಲಿ ಅಜ್ಜಿ ಸೌಟು ಹಿಡಿದು ಕೆಳಗೆ ನೋಡ್ತಿದ್ದಾರೆ, ಇನ್ನೊಂದರಲ್ಲಿ ನಗ್ತಿದ್ದಾರೆ. ಎರಡನ್ನೂ ಉಳಿಸಿಕೊಂಡೆವು. ಬೇರೆ ಅಂತ ಕಂಪ್ಯೂಟರ್ ಹೇಳಿತು, ಏನು ಬೇರೆ ಅಂತ ನಾವೇ ನೋಡಬೇಕಾಯ್ತು.

ನೆನಪಿಡಿ: ಮೊದಲು ಹೋಲಿಸಿ, ಆಮೇಲೆ ಅಳಿಸಿ.

ಲೆಕ್ಕ ಮಾಡಿ: ಅಡ್ಡಕ್ಕೆ 2000, ಉದ್ದಕ್ಕೆ 1500 ಚುಕ್ಕಿ ಇರುವ ಫೋಟೋದಲ್ಲಿ ಒಟ್ಟು ಎಷ್ಟು ಚುಕ್ಕಿ? ಬಣ್ಣದ ಅಂಕಿಗಳು ಎಷ್ಟು?