ಬೀಜಕ್ಕೆ ಬಿಟ್ಟ ಗಡ್ಡೆಯೇ ಮುಂದಿನ ಬೆಳೆ
(ಉಳ್ಳಾಗಡ್ಡಿಯಲ್ಲಿ ಗುಣಭೇದ ಮತ್ತು ಬೀಜದ ಆಯ್ಕೆ)



ತಮ್ಮಲ್ಲಿ ಅನೇಕರು ಕಬ್ಬಿನ ಜೊತೆಗೆ ಉಳ್ಳಾಗಡ್ಡಿಯನ್ನೂ ಬೆಳೆಯುತ್ತೀರಿ. ಸೊಲ್ಲಾಪುರದ ಪೇಟೆ ಹತ್ತಿರವಿರುವುದರಿಂದ ಇದು ಸಹಜ. ಆದರೆ ಮಾಲಿನಲ್ಲಿ ಜೋಡುಗಡ್ಡೆ, ದಪ್ಪ ಕುತ್ತಿಗೆಯ ಗಡ್ಡೆ, ಹೂದಂಟು ಬಂದ ಗಡ್ಡೆ ಹೆಚ್ಚಾದರೆ ದರ ಇಳಿಯುತ್ತದೆ. ಗೊಬ್ಬರ, ನೀರು ಸರಿಯಾಗಿ ಕೊಟ್ಟವರಿಗೂ ಈ ನಷ್ಟ ತಪ್ಪಿಲ್ಲ. ಇದಕ್ಕೆ ಒಂದು ಮುಖ್ಯ ಕಾರಣ ಬೀಜದಲ್ಲಿದೆ. ಒಳ್ಳೆಯ ಗಡ್ಡೆಗಳೆಲ್ಲ ಪೇಟೆಗೆ ಹೋಗಿ, ಮಾರಲಿಕ್ಕೆ ಬಾರದೆ ಮೂಲೆಯಲ್ಲಿ ಉಳಿದವು ಬೀಜಕ್ಕೆ ಬರುತ್ತವೆ. ಇದೂ ಒಂದು ಆಯ್ಕೆಯೇ, ಆದರೆ ಕೆಟ್ಟದ್ದರ ಆಯ್ಕೆ.

ಕಬ್ಬಿಗೂ ಉಳ್ಳಾಗಡ್ಡಿಗೂ ಇರುವ ಅಂತರ

ಕೋ 86032 ಕಬ್ಬಿನ ತುಂಡು ನೆಟ್ಟರೆ ಕೋ 86032 ಕಬ್ಬೇ ಬರುತ್ತದೆ. ಕಣ್ಣಿನಿಂದ ಬೆಳೆದ ಪೈರು ತಾಯಿಯ ಪಡಿಯಚ್ಚು. ಹೊಸ ಗುಣ ಬೇಕಾದರೆ ಹೂವಿನಿಂದ ಬಂದ ಬೀಜವನ್ನೇ ಬಿತ್ತಬೇಕು. 1912ರಲ್ಲಿ ಆರಂಭವಾದ ಕೊಯಿಮತ್ತೂರಿನ ಕಬ್ಬು ತಳಿ ಸಂಸ್ಥೆಯ ಕೆಲಸ ಇದೇ. ಕೋ 62198 ಮತ್ತು ಕೋಸಿ 671ರ ಸಂಕರದಿಂದ ಬಂದ ಸಸಿಗಳಲ್ಲಿ ಒಂದನ್ನು ಆರಿಸಿ ಹೆಚ್ಚಿಸಿದ್ದೇ ಕೋ 86032.

ಉಳ್ಳಾಗಡ್ಡಿಯು ಪ್ರತಿ ಸಲವೂ ಬೀಜದಿಂದಲೇ ಬರುವ ಬೆಳೆ. ಅದರ ಹೂವಿನಲ್ಲಿ ಪರಾಗ ಮೊದಲು ಉದುರಿ, ಬೀಜ ಕಟ್ಟುವ ಭಾಗ ಆಮೇಲೆ ಸಿದ್ಧವಾಗುತ್ತದೆ. ಆದ್ದರಿಂದ ಜೇನುಹುಳುಗಳು ಬೇರೆ ಗಿಡದ ಪರಾಗ ತರಬೇಕಾಗುತ್ತದೆ. ಹೀಗಾಗಿ ಒಂದೇ ಹೊಲದ ಗಡ್ಡೆಗಳಲ್ಲಿ ಬಣ್ಣ, ಆಕಾರ, ಬಾಳಿಕೆ ಬೇರೆ ಬೇರೆ. ಈ ಗುಣಭೇದವೇ ಆಯ್ಕೆಗೆ ಬಂಡವಾಳ. ಎನ್-53 ತಳಿಯನ್ನು ನಾಶಿಕದ ಸ್ಥಳೀಯ ಬೀಜದಿಂದ ಹೀಗೆಯೇ ಆರಿಸಿ ತೆಗೆದರು.

ಯಾವ ಗುಣ ಮುಂದಿನ ಪೀಳಿಗೆಗೆ ಇಳಿಯುತ್ತದೆ?

ಎಲ್ಲ ಭೇದವೂ ವಂಶದ್ದಲ್ಲ. ನೀರಿನ ಕಾಲುವೆಯ ಪಕ್ಕದಲ್ಲಿ, ಅಗಿ ಸತ್ತು ತೆರವಾದ ಜಾಗದಲ್ಲಿ ಬೆಳೆದ ಗಡ್ಡೆ ದೊಡ್ಡದಾಗಿರುತ್ತದೆ. ಅದು ಜಾಗದ ಗುಣ. ಅದರ ಬೀಜ ಬಿತ್ತಿದರೆ ಆ ಗಾತ್ರ ಬರುವುದಿಲ್ಲ. ಹೂದಂಟು ಬರಲು ಚಳಿ ಮತ್ತು ಬಹಳ ಮುಂಚೆ ಮಾಡಿದ ನಾಟಿಯೂ ಕಾರಣ, ವಂಶವೂ ಕಾರಣ. ಆದರೆ ಗಡ್ಡೆಯ ಬೆಳೆಯಲ್ಲಿಯೇ ದಂಟು ಬಿಟ್ಟ ಗಿಡದ ಬೀಜ ಹಿಡಿದರೆ, ಬೇಗ ಹೂ ಬಿಡುವ ಗುಣವನ್ನೇ ನಾವು ವರ್ಷ ವರ್ಷ ಬೆಳೆಸಿದಂತಾಗುತ್ತದೆ. ಇದನ್ನು ಎಂದೂ ಮಾಡಬಾರದು.

ಆದ್ದರಿಂದ ಇಡೀ ಹೊಲದ ದೊಡ್ಡ ಗಡ್ಡೆಗಳನ್ನು ಹೆಕ್ಕದೆ, ಹೊಲವನ್ನು ಸಮನಾದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಉತ್ತಮವಾದ ಕೆಲವನ್ನು ಆರಿಸಬೇಕು. ಆಗ ಒಂದೇ ನೆಲ, ಒಂದೇ ನೀರಿನಲ್ಲಿ ಬೆಳೆದವುಗಳ ನಡುವೆ ಹೋಲಿಕೆ ಆಗುತ್ತದೆ. ಬದುವಿನ ಮತ್ತು ಕಾಲುವೆಯ ಸಾಲುಗಳನ್ನು ಬಿಡಬೇಕು.

ಹಿಂಗಾರಿ ಬೆಳೆಯಲ್ಲಿ ಮಾಡುವ ಕ್ರಮ

1. ಕೀಳುವ ಮೊದಲೇ ಹೊಲದಲ್ಲಿ ನಡೆದು ನೋಡಿರಿ. ದಂಟು ಬಂದ, ರೋಗ ಹತ್ತಿದ, ಎಲೆ ಬೀಳದೆ ನಿಂತ ಗಿಡಗಳನ್ನು ಬೀಜಕ್ಕೆ ಲೆಕ್ಕಿಸಬೇಡಿರಿ.
2. ಸಣ್ಣ ಕುತ್ತಿಗೆಯ, ಒಂದೇ ಬಣ್ಣದ, 60ರಿಂದ 80 ಗ್ರಾಂ ತೂಕದ ಗಡ್ಡೆಗಳನ್ನು ಆರಿಸಿ ಬೇರೆ ಇಡಿರಿ.
3. ಬೇಕಾದುದಕ್ಕಿಂತ ಎರಡು ಪಟ್ಟು ಆರಿಸಿ ಚಾಳಿನಲ್ಲಿ ಪ್ರತ್ಯೇಕ ಸಂಗ್ರಹಿಸಿರಿ. ದೀಪಾವಳಿಯ ಹೊತ್ತಿಗೆ ಕೊಳೆಯದೆ, ಮೊಳೆಯದೆ ಉಳಿದವೇ ಬಾಳಿಕೆಯ ಗುಣವುಳ್ಳವು.
4. ನಡುವಾಗ ಗಡ್ಡೆಯ ಮೇಲಿನ ಮೂರನೆಯ ಒಂದು ಭಾಗ ಕೊಯ್ದು ನೋಡಿರಿ. ಒಳಗೆ ಎರಡು ಮೂರು ಸುಳಿ ಕಂಡರೆ ತೆಗೆದುಹಾಕಿರಿ. ಜೋಡುಗಡ್ಡೆಯ ಗುಣ ಕಡಿಮೆ ಮಾಡಲು ಇದು ಸುಲಭ ಉಪಾಯ.
5. ಹತ್ತಿಪ್ಪತ್ತು ಗಡ್ಡೆಯಿಂದ ಬೀಜ ತೆಗೆಯಬೇಡಿರಿ. ಹತ್ತಿರದ ರಕ್ತದಲ್ಲಿಯೇ ಬೀಜ ಕಟ್ಟುತ್ತ ಹೋದರೆ ಉಳ್ಳಾಗಡ್ಡಿಯ ಕಸುವು ಬೇಗ ಕುಗ್ಗುತ್ತದೆ. ಕೆಲವು ನೂರು ಗಡ್ಡೆಗಳಾದರೂ ಇರಲಿ.
6. ಹೂ ಇರುವಾಗ ಕೀಟನಾಶಕ ಸಿಂಪಡಿಸಬೇಡಿರಿ. ಜೇನುಹುಳು ಸತ್ತರೆ ಬೀಜ ಕಟ್ಟುವುದಿಲ್ಲ.
7. ಕರೀ ಬೀಜ ಕಾಣತೊಡಗಿದ ಗೊಂಡೆಗಳನ್ನು ಎರಡು ಮೂರು ಸಲ ಕೊಯ್ದು ನೆರಳಿನಲ್ಲಿ ಒಣಗಿಸಿರಿ. ಉಳ್ಳಾಗಡ್ಡಿ ಬೀಜದ ಮೊಳಕೆಯ ಶಕ್ತಿ ಬೇಗ ಇಳಿಯುವುದರಿಂದ ಅದೇ ವರ್ಷ ಬಿತ್ತುವುದು ಒಳ್ಳೆಯದು.

ಮುಂಗಾರಿ ತಳಿಯ ಗಡ್ಡೆಗಳು ಅಷ್ಟು ದಿನ ಉಳಿಯುವುದಿಲ್ಲ. ಅವನ್ನು ಕಿತ್ತ ಸ್ವಲ್ಪ ದಿನದಲ್ಲಿಯೇ ಆರಿಸಿ ಬೀಜಕ್ಕೆ ನಡಬೇಕು. ಎರಡು ಹಂಗಾಮಿನ ಬೀಜವನ್ನು ಎಂದೂ ಬೆರೆಸಬಾರದು.

ಹೈಬ್ರಿಡ್ ಬೀಜದ ವಿಷಯ

1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋನ್ಸ್ ಎಂಬ ವಿಜ್ಞಾನಿಗೆ ಪರಾಗವೇ ಇಲ್ಲದ ಒಂದು ಉಳ್ಳಾಗಡ್ಡಿ ಗಿಡ ಸಿಕ್ಕಿತು. ಆ ಒಂದು ಗಿಡದ ಗುಣದಿಂದ ಹೈಬ್ರಿಡ್ ಬೀಜ ತಯಾರಿಸುವ ದಾರಿ ತೆರೆಯಿತು. ಆದರೆ ಹೈಬ್ರಿಡ್ ಬೆಳೆಯಿಂದ ಮನೆಯಲ್ಲಿ ಬೀಜ ತೆಗೆದರೆ ಗುಣಗಳು ಒಡೆದು ಬೆಳೆ ಮಿಶ್ರವಾಗುತ್ತದೆ. ಮೇಲೆ ಹೇಳಿದ ಕ್ರಮ ಎನ್-2-4-1, ಭೀಮಾ ಕಿರಣ, ಭೀಮಾ ಶಕ್ತಿಯಂಥ ಹೈಬ್ರಿಡ್ ಅಲ್ಲದ ತಳಿಗಳಿಗೆ ಮಾತ್ರ.

ನೆರೆಯವರ ಸಹಕಾರ

ಬೀಜದ ಪ್ಲಾಟಿನಿಂದ ಒಂದು ಕಿಲೋಮೀಟರಿನ ಒಳಗೆ ಬೇರೆ ತಳಿ ಹೂ ಬಿಟ್ಟಿರಬಾರದು. ಜೇನುಹುಳುವಿಗೆ ಬದು ಬಾಂದಿನ ಲೆಕ್ಕವಿಲ್ಲ. ನಿಮ್ಮ ಆಯ್ಕೆ ಎಷ್ಟೇ ಚೊಕ್ಕಟವಿದ್ದರೂ ಪಕ್ಕದ ಹೊಲದ ಪರಾಗ ಅದನ್ನು ಕೆಡಿಸಬಲ್ಲದು. ಆದುದರಿಂದ ಒಂದು ವಸ್ತಿಯ ನಾಲ್ಕೈದು ಸದಸ್ಯರು ಕೂಡಿ ಒಂದೇ ತಳಿಗೆ ಒಪ್ಪಿ, ಒಬ್ಬರ ಹೊಲದಲ್ಲಿ ಎಲ್ಲರಿಗೂ ಬೇಕಾಗುವ ಬೀಜ ಬೆಳೆಯುವುದು ಉತ್ತಮ. ಎಕರೆಗೆ ಬೇಕಾಗುವುದು 3ರಿಂದ 4 ಕಿಲೋ ಬೀಜ ಮಾತ್ರ.

ಈ ಸಲ ಗಡ್ಡೆ ಕಿತ್ತಾಗ ಬೀಜದ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಪೇಟೆಗೆ ಕಳಿಸಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ