ಕಾರಿನ ಮೈಮೇಲೆ ಒಣಗಿದ ಕಲೆ

ರಾಗಿಮುದ್ದೆ ಮಾಡಿದ ಪಾತ್ರೆಯನ್ನು ಅಮ್ಮ ಕೂಡಲೇ ಉಜ್ಜಲು ಕೂರುವುದಿಲ್ಲ. ತುಂಬ ನೀರು ಹಾಕಿ ಬಚ್ಚಲಿನ ಬದಿಗೆ ಇಡುತ್ತಾರೆ. ಎಲ್ಲರ ಊಟ ಮುಗಿಯುವಷ್ಟರಲ್ಲಿ ತಳಕ್ಕೆ ಅಂಟಿದ್ದ ಹಿಟ್ಟು ನೀರು ಕುಡಿದು ಉಬ್ಬಿರುತ್ತದೆ. ಬೆರಳಿನಿಂದ ತಳ್ಳಿದರೆ ಸಾಕು, ಎದ್ದು ಬರುತ್ತದೆ. ನೀರು ಹಾಕಲು ಮರೆತ ದಿನ ಏನಾಗುತ್ತದೆ ಎಂಬುದನ್ನೂ ನೀವು ನೋಡಿರುತ್ತೀರಿ. ಹಿಟ್ಟು ಒಣಗಿ ಕಲ್ಲಿನಂತಾಗುತ್ತದೆ. ಚಮಚದಿಂದಲೋ ತೆಂಗಿನ ಕರಟದಿಂದಲೋ ಕೆರೆಯಬೇಕಾಗುತ್ತದೆ. ಪಾತ್ರೆ ಲೋಹದ್ದು, ಒಂದೆರಡು ಗೀರು ಬಿದ್ದರೂ ನಷ್ಟವಿಲ್ಲ.

ಇಂತಹುದೇ ಒಣಗಿದ ಕಲೆ ಕಾರಿನ ಮೇಲೆ ಕೂತಿದ್ದರೆ?

ನಿಮ್ಮೂರಿನಲ್ಲಿ ಬಾಡಿಗೆಗೆ ಓಡುವ ಕಾರು ಒಂದಾದರೂ ಇರಬಹುದು. ಮದುವೆ ದಿಬ್ಬಣಕ್ಕೂ ಅದೇ, ರಾತ್ರಿ ಆಸ್ಪತ್ರೆಗೆ ಹೋಗಲೂ ಅದೇ. ಅದರ ಮೇಲಿನ ಬ್ಯಾಂಕಿನ ಸಾಲ ಇನ್ನೂ ತೀರಿರುವುದಿಲ್ಲ. ಬೇಸಿಗೆಯಲ್ಲಿ ನೆರಳಿಗೆಂದು ಅದನ್ನು ಅರಳಿಮರದ ಕೆಳಗೆ ನಿಲ್ಲಿಸುತ್ತಾರೆ. ಹಣ್ಣು ತಿನ್ನಲು ಬಂದ ಹಕ್ಕಿಗಳು ಅದರ ಮೇಲೆ ಹಿಕ್ಕೆ ಹಾಕುತ್ತವೆ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಓಡಿದರೆ ಚಕ್ರದಿಂದ ಸಿಡಿದ ಕಪ್ಪು ಚುಕ್ಕೆಗಳು ಬಾಗಿಲಿನ ಕೆಳಭಾಗದಲ್ಲಿ ಮೆತ್ತಿಕೊಳ್ಳುತ್ತವೆ. ಕೊಳವೆ ಬಾವಿಯ ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟರೆ ಬಿಳಿಯ ಉಂಗುರಗಳು ಮೂಡುತ್ತವೆ. ಮಾಲೀಕರಿಗೆ ಸಹಾಯ ಮಾಡೋಣ ಎಂದು ನೀವು ತೆಂಗಿನ ನಾರು ಮತ್ತು ಒಲೆಯ ಬೂದಿ ಹಿಡಿದು ಹೊರಟಿರಿ ಎನ್ನೋಣ. ಅರ್ಧ ಗಂಟೆಯಲ್ಲಿ ಕಲೆ ಹೋಗುತ್ತದೆ. ಅದರ ಜೊತೆಗೆ ಹೊಳಪೂ ಹೋಗುತ್ತದೆ! ಮತ್ತೆ ಬಣ್ಣ ಹೊಡೆಸಲು ಸಾವಿರಾರು ರೂಪಾಯಿ ಬೇಕು.

ಬಣ್ಣ ಎಷ್ಟು ದಪ್ಪ?

ಮೊದಲು ಒಂದು ಚಿಕ್ಕ ಲೆಕ್ಕ ಮಾಡಿ. 200 ಪುಟಗಳ ನೋಟ್ ಪುಸ್ತಕದಲ್ಲಿ 100 ಹಾಳೆಗಳಿರುತ್ತವೆ. ರಟ್ಟನ್ನು ಬಿಟ್ಟು ಹಾಳೆಗಳನ್ನು ಮಾತ್ರ ಬಿಗಿಯಾಗಿ ಒತ್ತಿ ಹಿಡಿದು, ಅವುಗಳ ಒಟ್ಟು ದಪ್ಪವನ್ನು ಸ್ಕೇಲಿನಿಂದ ಅಳೆಯಿರಿ. 8 ಮಿಲಿಮೀಟರ್ ಬಂದರೆ ಒಂದು ಹಾಳೆಯ ದಪ್ಪ 0.08 ಮಿಲಿಮೀಟರ್.

ಕಾರಿನ ತಗಡಿನ ಮೇಲೆ ಕಾರ್ಖಾನೆಯಲ್ಲಿ ಹಾಕುವ ಎಲ್ಲ ಬಣ್ಣದ ಪದರಗಳೂ ಸೇರಿ ಸುಮಾರು 0.1 ಮಿಲಿಮೀಟರಿನಿಂದ 0.15 ಮಿಲಿಮೀಟರ್ ದಪ್ಪವಿರುತ್ತವೆ. ಅಂದರೆ ನಿಮ್ಮ ಪುಸ್ತಕದ ಒಂದೂವರೆ ಹಾಳೆಯಷ್ಟು. ತೀರಾ ಕೆಳಗೆ ತುಕ್ಕು ತಡೆಯುವ ಪದರ, ಅದರ ಮೇಲೆ ನುಣುಪು ಕೊಡುವ ಪದರ, ಬಳಿಕ ನಾವು ನೋಡುವ ಬಣ್ಣ, ಕೊನೆಗೆ ಗಾಜಿನಂತೆ ಪಾರದರ್ಶಕವಾದ ಒಂದು ಲೇಪ. ಹೊಳಪು ಬರುವುದು ಈ ಕೊನೆಯ ಲೇಪದಿಂದ. ಇದರ ದಪ್ಪ ಅರ್ಧ ಹಾಳೆಯಷ್ಟು ಮಾತ್ರ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಣ್ಣವನ್ನು ಮಾಸುವಂತೆ ಮಾಡುತ್ತವೆ. ಅವನ್ನು ತಡೆಯುವ ಕೆಲಸವೂ ಇದರದೇ. ಗೀರು ತಗಡಿನವರೆಗೂ ಇಳಿದರೆ ಅಲ್ಲಿ ಗಾಳಿ ಮತ್ತು ನೀರು ಸೇರಿ ತುಕ್ಕು ಶುರುವಾಗುತ್ತದೆ.

ಬೂದಿ ಏಕೆ ಬೇಡ ಎಂಬುದು ಈಗ ಹೊಳೆದಿರಬೇಕು. ಬೂದಿಯಲ್ಲಿ, ಅದರಲ್ಲೂ ಭತ್ತದ ಹೊಟ್ಟಿನ ಬೂದಿಯಲ್ಲಿ, ಸಿಲಿಕಾ ಎಂಬ ವಸ್ತು ಬಹಳ ಇದೆ. ಮರಳಿನಲ್ಲಿರುವುದೂ ಅದೇ. ಮರಳಿನ ಹರಳು ಗಾಜನ್ನೇ ಗೀರಬಲ್ಲದು. ಕಾರಿನ ಮೇಲಿನ ಲೇಪವಾದರೋ ಒಂದು ಬಗೆಯ ಪ್ಲಾಸ್ಟಿಕ್. ಧೂಳು ಕೂತ ಕಾರನ್ನು ಒಣ ಬಟ್ಟೆಯಿಂದ ಒರೆಸುವುದೂ ಇಷ್ಟೇ ಕೆಟ್ಟದ್ದು. ಧೂಳಿನಲ್ಲಿ ಮರಳಿನ ಕಣಗಳು ಇದ್ದೇ ಇರುತ್ತವೆ.

ಉಜ್ಜುವುದು ಬೇಡವಾದರೆ ಉಳಿದ ದಾರಿ ಎಂದರೆ ಕಲೆಯನ್ನು ನೆನೆಸುವುದು ಅಥವಾ ಕರಗಿಸುವುದು. ಯಾವ ಕಲೆ ಯಾವುದರಲ್ಲಿ ಕರಗುತ್ತದೆ ಎಂದು ತಿಳಿಯದೆ ಈ ಕೆಲಸ ಆಗದು.

ಹಕ್ಕಿಯ ಹಿಕ್ಕೆ

ಹಿಕ್ಕೆಯಲ್ಲಿ ಬಿಳಿಯ ಭಾಗವೊಂದು ಇರುವುದನ್ನು ಗಮನಿಸಿದ್ದೀರಾ? ಅದು ಯೂರಿಕ್ ಆಮ್ಲ. ನಾವು ದೇಹದ ಕಶ್ಮಲವನ್ನು ಮೂತ್ರದಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಕ್ಕಿಗಳು ಹಾಗಲ್ಲ, ನೀರನ್ನು ಉಳಿಸಿಕೊಂಡು ಕಶ್ಮಲವನ್ನು ಗಟ್ಟಿಯಾದ ಬಿಳಿ ಹಿಟ್ಟಿನ ರೂಪದಲ್ಲಿ ಬಿಡುತ್ತವೆ. ಯೂರಿಕ್ ಆಮ್ಲ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಒಂದು ಚೊಂಬು ನೀರು ಎರಚಿದರೆ ಅದು ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲು ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಮಧ್ಯಾಹ್ನ ಕಾರಿನ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಆಗ ಮೇಲಿನ ಲೇಪ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಅದೇ ಹೊತ್ತಿಗೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಲೇಪ ಕುಗ್ಗಿ, ಹಿಕ್ಕೆಯ ಒರಟು ಮೈಯ ಅಚ್ಚನ್ನೇ ತನ್ನ ಮೇಲೆ ಉಳಿಸಿಕೊಳ್ಳುತ್ತದೆ. ಹಿಕ್ಕೆಯ ಆಮ್ಲವೂ ಲೇಪವನ್ನು ಕೊರೆಯುತ್ತದೆ. ಆದ್ದರಿಂದ ಇದನ್ನು ಅದೇ ದಿನ ತೆಗೆಯಬೇಕು. ನಾಳೆ ನೋಡೋಣ ಎಂದರೆ ಹಿಕ್ಕೆ ಹೋದರೂ ಅದರ ಗುರುತು ಹೋಗುವುದಿಲ್ಲ.

ಕಾರು ನೆರಳಿನಲ್ಲಿರಲಿ. ಹಳೆಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಕಲೆಯ ಮೇಲೆ ಹಾಸಿ, ಹತ್ತು ಹದಿನೈದು ನಿಮಿಷ ಬಿಡಿ. ಮುದ್ದೆಯ ಪಾತ್ರೆಗೆ ನೀರು ಹಾಕಿಟ್ಟ ಹಾಗೆಯೇ ಇದು. ಬಳಿಕ ಒತ್ತಿ ಒರೆಸಬೇಡಿ, ಎತ್ತಿ ತೆಗೆಯಿರಿ. ಹಿಕ್ಕೆಯಲ್ಲಿ ಬೀಜಗಳೂ ಮಣ್ಣಿನ ಕಣಗಳೂ ಇರುತ್ತವೆ. (ಹಳೆಯ ಗೋಡೆಗಳ ಬಿರುಕಿನಲ್ಲಿ ಅರಳಿ ಗಿಡ ಹುಟ್ಟುವುದು ಈ ಬೀಜಗಳಿಂದಲೇ.) ರಾತ್ರಿ ಓಡಿದ ಕಾರಿನ ಮುಂಭಾಗಕ್ಕೆ ಬಡಿದು ಒಣಗಿದ ಹುಳುಗಳಿಗೂ ಒದ್ದೆ ಬಟ್ಟೆಯೇ ಮದ್ದು.

ಡಾಂಬರಿನ ಚುಕ್ಕೆ

ಇದರ ಮುಂದೆ ನೀರಿನ ಆಟ ನಡೆಯುವುದಿಲ್ಲ. ಒಂದು ದಿನ ನೆನೆಸಿಟ್ಟರೂ ಚುಕ್ಕೆ ಹಾಗೆಯೇ ಇರುತ್ತದೆ. ಉಗುರಿನಿಂದ ಕೆರೆದರೆ ಅದು ಹರಡುತ್ತದೆ.

ಹಲಸಿನ ಹಣ್ಣು ಬಿಡಿಸುವಾಗ ಅಜ್ಜಿ ಏನು ಮಾಡುತ್ತಾರೆ, ನೆನಪಿಸಿಕೊಳ್ಳಿ. ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಆದರೂ ಅಂಟಿದ ಮೇಣವನ್ನು ಎಣ್ಣೆಯಿಂದಲೇ ತೆಗೆಯುತ್ತಾರೆ. ನೀರಿಗೆ ಜಗ್ಗದ ಮೇಣ ಎಣ್ಣೆಗೆ ಸೋಲುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೊಂದು ಸರಳ ನಿಯಮವಿದೆ: ಒಂದು ವಸ್ತು ತನ್ನ ಗುಣವನ್ನೇ ಹೋಲುವ ದ್ರವದಲ್ಲಿ ಕರಗುತ್ತದೆ. ಸಕ್ಕರೆ, ಉಪ್ಪು ನೀರಿನ ಗುಂಪಿನವು. ಮೇಣ, ಜಿಡ್ಡು, ಡಾಂಬರು ಎಣ್ಣೆಯ ಗುಂಪಿನವು. ನಮ್ಮ ರಸ್ತೆಗೆ ಹಾಕುವ ಡಾಂಬರು ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವನ್ನೂ ತೆಗೆದ ಮೇಲೆ ಕೊನೆಗೆ ಉಳಿಯುವ ಕಪ್ಪು ಅಂಟು. ಅದು ಎಣ್ಣೆಯ ಗುಂಪಿಗೆ ಸೇರಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸ್ವಾರಸ್ಯದ ಸಂಗತಿ. ತಣ್ಣಗಾದ ಡಾಂಬರು ಗಟ್ಟಿಯಾಗಿ ಕಂಡರೂ ಅದು ಬಹಳ ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಡಾಂಬರಿನ ಜಾತಿಯದೇ ಆದ ಪಿಚ್ ಎಂಬ ವಸ್ತುವನ್ನು ಕಾಯಿಸಿ ಗಾಜಿನ ಆಲಿಕೆಗೆ ಸುರಿದರು. 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿ ತೆರೆದರು. ಮೊದಲ ಹನಿ ಬಿದ್ದದ್ದು 1938ರಲ್ಲಿ! ಒಂಬತ್ತನೆಯ ಹನಿಗೆ 2014ರವರೆಗೆ ಕಾಯಬೇಕಾಯಿತು. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುವ ವಸ್ತು ಹೀಗೆ ಹನಿಯಾಗಿಯೂ ಇಳಿಯುತ್ತದೆ.

ಕಾರಿನ ಚುಕ್ಕೆಗೆ ಬರೋಣ. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಚುಕ್ಕೆಯ ಮೇಲೆ ಒತ್ತಿ ಇಡಿ. ಸ್ವಲ್ಪ ಹೊತ್ತಿಗೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎಣ್ಣೆಗೆ ಡಾಂಬರು ಇಳಿಯುತ್ತಿದೆ ಎಂದು ಅರ್ಥ. ಮೆಲ್ಲಗೆ ಒರೆಸಿ, ಹತ್ತಿ ಬದಲಿಸಿ, ಮತ್ತೆ ಇಡಿ. ಕೊನೆಗೆ ಸಾಬೂನು ನೀರಿನಿಂದ ತೊಳೆಯಿರಿ. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ನೀರಿನ ಜೊತೆ ಹೊರಟುಹೋಗುತ್ತದೆ.

ಎಣ್ಣೆ ಡಾಂಬರನ್ನು ಕರಗಿಸಿದರೂ ಕಾರಿನ ಬಣ್ಣವನ್ನೇಕೆ ಕರಗಿಸುವುದಿಲ್ಲ? ಕಾರ್ಖಾನೆಯಲ್ಲಿ ಬಣ್ಣ ಬಳಿದ ಕಾರನ್ನು ದೊಡ್ಡ ಒಲೆಯಂತಹ ಕೋಣೆಯೊಳಗೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆಗ ಬಣ್ಣದ ಅಣುಗಳು ಮೀನಿನ ಬಲೆಯಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಣೆದ ಬಲೆಯಿಂದ ಒಂದೊಂದೇ ಅಣುವನ್ನು ಬಿಡಿಸಿ ಕರಗಿಸಲು ಎಣ್ಣೆಗೆ ಆಗದು. ಗ್ಯಾರೇಜಿನಲ್ಲಿ ಹೊಡೆಸಿದ ಬಣ್ಣ ಇಷ್ಟು ಬೆಂದಿರುವುದಿಲ್ಲ. ಅಂತಹ ಕಾರಿನಲ್ಲಿ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು.

ಸೀಮೆಎಣ್ಣೆ, ಪೆಟ್ರೋಲ್ ಬೇಗ ಕೆಲಸ ಮಾಡುತ್ತವೆ ಎಂದು ದೊಡ್ಡವರು ಹೇಳಬಹುದು. ನೀವು ಮುಟ್ಟಬೇಡಿ. ಪೆಟ್ರೋಲಿನ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ರಸ್ತೆ ಕೆಲಸ ನಡೆಯುವಲ್ಲಿ ಕಾಯಿಸುವ ಡಾಂಬರಿನ ಹತ್ತಿರವೂ ಹೋಗಬೇಡಿ. ಅದರ ಶಾಖ 150 ಡಿಗ್ರಿಯ ಆಸುಪಾಸು ಇರುತ್ತದೆ. ಯಾರ ಚರ್ಮದ ಮೇಲಾದರೂ ಸಿಡಿದರೆ ಅದನ್ನು ಕೀಳಬಾರದು, ಚರ್ಮವೂ ಕಿತ್ತು ಬರುತ್ತದೆ. ತಣ್ಣೀರು ಸುರಿಯುತ್ತಾ ತಂಪು ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಿಳಿಯ ಉಂಗುರ

ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಚಕ್ಕೆಯೂ ಕಾರಿನ ಮೇಲಿನ ಉಂಗುರವೂ ಹತ್ತಿರದ ಸಂಬಂಧಿಗಳು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಅದರಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನಲ್ಲಿರುವ ವಸ್ತುವೇ. ಇದಕ್ಕೆ ನೀರೂ ಎಣ್ಣೆಯೂ ಉಪಯೋಗವಿಲ್ಲ, ಹುಳಿ ಬೇಕು. ನಿಂಬೆರಸಕ್ಕೆ ಎರಡು ಮೂರು ಪಟ್ಟು ನೀರು ಬೆರೆಸಿ ಬಟ್ಟೆಯಿಂದ ಹಚ್ಚಿ, ಒಂದು ನಿಮಿಷದೊಳಗೆ ಸಾಕಷ್ಟು ನೀರಿನಿಂದ ತೊಳೆದು ಒಣ ಬಟ್ಟೆಯಲ್ಲಿ ತೇವ ಹೀರಿಸಿ. ಹುಳಿಯನ್ನು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಅದೇ ಒಂದು ಹೊಸ ಕಲೆಯಾದೀತು.

ಮಾಡಿ ನೋಡಿ

ಇದಕ್ಕೆ ಕಾರು ಬೇಕಿಲ್ಲ. ಒಂದು ಹಳೆಯ ಸ್ಟೀಲ್ ತಟ್ಟೆಯ ಮೇಲೆ ಮೂರು ಕಡೆ ರಾಗಿ ಹಿಟ್ಟಿನ ಗಂಜಿ ಸವರಿ ಒಣಗಿಸಿ. ಬೆಲೆಚೀಟಿ ಕಿತ್ತ ಮೇಲೆ ಅಂಟು ಉಳಿದಿರುವ ಇನ್ನೊಂದು ಪಾತ್ರೆ ಹುಡುಕಿ. ಹಂಡೆಯಿಂದ ಬಿದ್ದ ಬಿಳಿ ಚಕ್ಕೆಯ ಮೂರು ಚೂರು ತನ್ನಿ. ಪ್ರತಿಯೊಂದಕ್ಕೂ ಒಂದು ಕಡೆ ನೀರು, ಒಂದು ಕಡೆ ಕೊಬ್ಬರಿ ಎಣ್ಣೆ, ಒಂದು ಕಡೆ ನಿಂಬೆರಸ ಹಾಕಿ ಹತ್ತು ನಿಮಿಷ ಕಾದು ಹತ್ತಿಯಿಂದ ಒರೆಸಿ. ಒಟ್ಟು ಒಂಬತ್ತು ಫಲಿತಾಂಶಗಳು ಸಿಗುತ್ತವೆ. ಪುಸ್ತಕದಲ್ಲಿ ಕೋಷ್ಟಕ ಹಾಕಿ ಬರೆಯಿರಿ. ಗಂಜಿಯ ಕಲೆಯ ಮೇಲೆ ನಿಂಬೆರಸವೂ ಸ್ವಲ್ಪ ಕೆಲಸ ಮಾಡಿದಂತೆ ಕಾಣುತ್ತದೆ. ಅದು ಹುಳಿಯ ಗುಣವೋ, ನಿಂಬೆರಸದಲ್ಲಿರುವ ನೀರಿನ ಗುಣವೋ? ತರಗತಿಯಲ್ಲಿ ಚರ್ಚಿಸಿ. ಬಿಳಿ ಚಕ್ಕೆಯ ಮೇಲೆ ನಿಂಬೆರಸ ಬಿದ್ದಾಗ ಏಳುವ ಗುಳ್ಳೆಗಳನ್ನು ಕಣ್ಣಿಟ್ಟು ನೋಡಿ. ಅದು ಇಂಗಾಲದ ಡೈಆಕ್ಸೈಡ್ ಅನಿಲ.

ಇಷ್ಟೆಲ್ಲ ಮಾಡಿದರೂ ಕಾರಿನ ಮೇಲೆ ಮಸುಕಾದ ಗುರುತು ಉಳಿದಿದ್ದರೆ, ಅದು ಕಲೆಯಲ್ಲ, ಲೇಪದಲ್ಲೇ ಬಿದ್ದ ಕುಳಿ. ಪಾಲಿಶ್ ಮಾಡುವವರು ಸುತ್ತಲಿನ ಲೇಪವನ್ನು ಕೂದಲೆಳೆಗಿಂತ ತೆಳುವಾಗಿ ಸವೆಸಿ ಕುಳಿಯನ್ನು ಮರೆಮಾಡುತ್ತಾರೆ. ಪ್ರತಿ ಸಲವೂ ಆ ಅರ್ಧ ಹಾಳೆಯ ದಪ್ಪದಲ್ಲಿ ಸ್ವಲ್ಪ ಖರ್ಚಾಗುತ್ತದೆ. ಒಮ್ಮೆ ಪಾಲಿಶ್ ಮಾಡಿದಾಗ 0.003 ಮಿಲಿಮೀಟರ್ ಸವೆಯುತ್ತದೆ ಎಂದುಕೊಳ್ಳಿ. 0.045 ಮಿಲಿಮೀಟರ್ ದಪ್ಪದ ಲೇಪ ಪೂರ್ತಿ ಸವೆದುಹೋಗಲು ಎಷ್ಟು ಸಲ ಪಾಲಿಶ್ ಮಾಡಬೇಕು, ಲೆಕ್ಕ ಹಾಕಿ.