ಊರು ನೋಡಲು ಬಂಡೆ ಹತ್ತಿ

ಬೆಂಗಳೂರನ್ನು ಎತ್ತರದಿಂದ ನೋಡಬೇಕೆಂದರೆ ದುಬಾರಿ ತಾರಸಿ ಹೋಟೆಲೇ ಗತಿ ಎಂದು ಹಲವರು ನಂಬಿದ್ದಾರೆ. ಆ ಖರ್ಚಿಗೆ ಮುಂಚೆ ಊರಿನ ಬಂಡೆಗಳನ್ನೂ ಕೆರೆ ಏರಿಗಳನ್ನೂ ಒಮ್ಮೆ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಈ ಊರಿನ ನೆಲವೇ ಏರುತಗ್ಗಿನದು. ಎತ್ತರವನ್ನು ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಲಾಲ್‌ಬಾಗಿಗೆ ಹೋದವರಲ್ಲಿ ಎಷ್ಟೋ ಜನ ಗಾಜಿನ ಮನೆ ನೋಡಿ ಮರಳುತ್ತಾರೆ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ನೆತ್ತಿಯ ಕೆಂಪೇಗೌಡ ಗೋಪುರದ ಬಳಿ ನಿಂತರೆ ಮರಗಳ ಹಸಿರೂ ಅದರಾಚೆಗಿನ ಕಟ್ಟಡಗಳ ಸಾಲೂ ಒಟ್ಟಿಗೇ ಕಾಣುತ್ತವೆ. ಇಂಥವೇ ಗೋಪುರಗಳು ಮೇಖ್ರಿ ವೃತ್ತ, ಹಲಸೂರು ಕೆರೆ, ಕೆಂಪಾಂಬುಧಿ ಕೆರೆಗಳ ಬಳಿಯೂ ಇವೆ. ಒಂದು ಕಾಲಕ್ಕೆ ಊರಿನ ಅಂಚೆನಿಸಿದ್ದ ಇವು ಇಂದು ಊರಿನ ನಡುವೆ ಇವೆ. ನಗರ ಬೆಳೆದ ಪರಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆ ಎನ್ನಬಹುದು. ಲಾಲ್‌ಬಾಗಿನ ಬಾಗಿಲಲ್ಲೇ ಮೆಟ್ರೊ ನಿಲ್ದಾಣವಿದೆ; ಬಸವನಗುಡಿಯವರಿಗೆ ಕಹಳೆ ಬಂಡೆ, ಮಲ್ಲೇಶ್ವರದವರಿಗೆ 1882ರ ಸ್ಯಾಂಕಿ ಕೆರೆ ನಡೆದೇ ಹೋಗುವಷ್ಟು ಹತ್ತಿರ. ಜನ ಹೆಚ್ಚಿದರೆ ಜಾಗ ಕೆಡುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ಯಾರೂ ಸುಳಿಯದ ಜಾಗ ಕಸಕ್ಕೂ ಒತ್ತುವರಿಗೂ ಬೇಗ ಬಲಿಯಾಗುತ್ತದೆ. ಪ್ರೀತಿಯಿಂದ ಬಂದುಹೋಗುವವರೇ ಅದಕ್ಕೆ ಕಾವಲು. ಬೆಳಗಿನ ಹೊತ್ತು ಆರಿಸಿಕೊಳ್ಳಿ, ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಿರಿ, ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ಈ ಭಾನುವಾರವೇ ಮನೆಗೆ ಹತ್ತಿರದ ಒಂದು ಎತ್ತರ ಹುಡುಕಿ, ಮಕ್ಕಳನ್ನೂ ಕರೆದೊಯ್ಯಿರಿ.